ಎತ್ತಿ ಮಲಗಿಸುವ ವಿದ್ಯೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಸಮರಕಲೆಗಳ ಒಕ್ಕೂಟದ ಹಿರಿಯರೇ, ಮುಖ್ಯ ಅತಿಥಿಗಳಾಗಿ ಬಂದು ಒಂದೂವರೆ ಗಂಟೆಯಿಂದ ಬೆನ್ನು ನೆಟ್ಟಗೆ ಇಟ್ಟುಕೊಂಡೇ ಕುಳಿತಿರುವ ಮೂಳೆ ಡಾಕ್ಟರೇ, ಇಲ್ಲಿರುವ ಇನ್ನೂರ ಮೂವತ್ತು ಸಮವಸ್ತ್ರಗಳನ್ನೂ ಕೈಯಾರೆ ಹೊಲಿದುಕೊಟ್ಟು ಇವತ್ತು ಗೌರವ ಅತಿಥಿಯಾಗಿ ವೇದಿಕೆಯ ಮೇಲಿರುವ ಅಕ್ಕ, ಐದು ಶಾಖೆಗಳಿಂದ ಬಂದಿರುವ ನನ್ನ ವಿದ್ಯಾರ್ಥಿಗಳೇ, ಧೈರ್ಯ ಮಾಡಿ ಅವರನ್ನು ನನ್ನ ಕೈಗೆ ಒಪ್ಪಿಸಿದ ತಂದೆ ತಾಯಿಗಳೇ, ಪಾಳಿಗೆ ಹೊತ್ತಾದರೆ ಎದ್ದು ಹೋಗಲು ಅನುಕೂಲವಾಗಲಿ ಎಂದು ಬಾಗಿಲ ಹತ್ತಿರವೇ ಕುಳಿತಿರುವ ಲಾಂಡ್ರಿಯ ನನ್ನ ಹಳೆಯ ಜೊತೆಗಾರರೇ, ಮತ್ತು ಸಮಸ್ತ ಸಭಿಕರೇ,

ಮೈಕು ಕೂಗುತ್ತಿದೆ. ಪರವಾಗಿಲ್ಲ, ಕೂಗಲಿ ಬಿಡಿ. ಸದ್ದೇ ಇಲ್ಲದ ಕುಸ್ತಿ ಹೇಳಿಕೊಡುವವನ ಸಭೆಯಲ್ಲಿ ಮೈಕಾದರೂ ಕೂಗಲಿ.

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಭಾಷಣ ಬರೆದುಕೊಂಡೇ ಬಂದಿದ್ದೆ. ಜೇಬಿನಲ್ಲಿದೆ. ಅದರಲ್ಲಿ ಎಲ್ಲರಿಗೂ ಥ್ಯಾಂಕ್ಸ್ ಇದೆ, ಎರಡು ಕಡೆ ನಗು ಬರುವ ಹಾಗೆ ಬರೆದಿದ್ದೇನೆ, ಕೊನೆಯಲ್ಲಿ ಚಪ್ಪಾಳೆ ಬರಲೇಬೇಕು. ಆದರೆ ಅಧ್ಯಕ್ಷರ ಮಾತು ಕೇಳಿದ ಮೇಲೆ ಅದನ್ನು ಹೊರಗೆ ತೆಗೆಯುವುದಕ್ಕೆ ಮನಸ್ಸು ಬರುತ್ತಿಲ್ಲ.

ಅಧ್ಯಕ್ಷರು ಈಗಷ್ಟೇ ಒಂದು ಪುಸ್ತಕ ಬಿಡುಗಡೆ ಮಾಡಿದರು. ‘ಮೌನಮಲ್ಲ ವಿದ್ಯೆ: ನಿಯಮಗಳು ಮತ್ತು ಪಟ್ಟುಗಳು’. ಇವತ್ತಿನಿಂದ ನಮ್ಮದು ಒಕ್ಕೂಟ ಒಪ್ಪಿದ ವಿದ್ಯೆ. ಒಳಗೆ ಮೊದಲನೇ ಪುಟದಲ್ಲಿ ನನ್ನ ಫೋಟೋ, ಅದರ ಕೆಳಗೆ ‘ಸ್ಥಾಪಕರು’ ಎಂದಿದೆ. ಎರಡನೇ ಪುಟದಲ್ಲಿ ಮೊದಲನೇ ನಿಯಮ: ‘ಸದ್ದು ಮಾಡಬಾರದು’. ರಟ್ಟಿನ ಮೇಲೆ, ನನ್ನ ಹಿಂದಿನ ಈ ಬ್ಯಾನರಿನ ಮೇಲೆ, ನಿಮ್ಮ ಮಕ್ಕಳ ಎದೆಯ ಮೇಲೆ ಇರುವುದು ಒಂದೇ ಗುರುತು. ತುಟಿಯ ಮೇಲಿಟ್ಟ ಬೆರಳು. ನನ್ನ ಮಾತು ಮುಗಿದ ಮೇಲೆ ಅಕ್ಕ ನನಗೆ ಫಲಕ ಕೊಡುತ್ತಾರೆ. ಅಗೋ, ಮೇಜಿನ ಮೇಲೆ ಇದೆ. ಕೊಡುವುದಕ್ಕೆ ಮುಂಚೆ ಅವರು ಕೇಳಬೇಕಾದ ಮಾತು ಒಂದಿದೆ. ಏಳು ವರ್ಷದಿಂದ ಇದೆ. ನಿಮ್ಮೆಲ್ಲರ ಎದುರಿಗೇ ಹೇಳುತ್ತೇನೆ. ಒಬ್ಬರ ಎದುರಿಗೇ ಆದರೆ ನಾನು ಹೇಳುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಮೂರು ಸಲ ಅವರ ಮನೆಗೆ ಹೋಗಿ, ಮೂರು ಸಲವೂ ಊಟ ಮಾಡಿ ಕೈ ತೊಳೆದು ಬಂದವನು ನಾನು.

ಅಧ್ಯಕ್ಷರು ಏನಂದರು? "ಈ ಯುವಕ ಒಂದು ಕೋಣೆಯಲ್ಲಿ ಒಬ್ಬನೇ ಕುಳಿತು, ಮೌನವನ್ನೇ ಗುರುವಾಗಿ ಮಾಡಿಕೊಂಡು ಈ ವಿದ್ಯೆಯನ್ನು ಕಂಡುಕೊಂಡ" ಎಂದರು. ತಪ್ಪು ಅವರದಲ್ಲ. ಪತ್ರಿಕೆಯವರು ಬಂದಾಗ ಹಾಗೆ ಹೇಳಿದವನು ನಾನೇ. ಕೋಣೆ ಇದ್ದದ್ದು ನಿಜ. ಒಬ್ಬನೇ ಎಂಬುದು ಸುಳ್ಳು, ಆ ಕೋಣೆಯಲ್ಲಿ ನಾವು ಎಂಟು ಜನ ಇದ್ದೆವು. ಕುಳಿತು ಎಂಬುದೂ ಸುಳ್ಳು. ಕೂರುವುದಕ್ಕೆ ಅಲ್ಲಿ ಜಾಗ ಇರಲಿಲ್ಲ.

ಮೂರನೇ ಮಹಡಿ. ನಾಲ್ಕು ಕಬ್ಬಿಣದ ಮಂಚ, ಎಂಟು ಜನ. ಒಂದು ಮಂಚಕ್ಕೆ ಇಬ್ಬರು, ಒಬ್ಬ ಎದ್ದ ಮೇಲೆ ಇನ್ನೊಬ್ಬ. ಹಾಸಿಗೆ ಯಾವತ್ತೂ ತಣ್ಣಗಾಗುತ್ತಿರಲಿಲ್ಲ. ಕೆಲಸ ಹುಡುಕಿಕೊಂಡು ಊರು ಬಿಟ್ಟು ಬಂದವರ ಕೋಣೆಗಳೆಲ್ಲ ಹೀಗೇ ಇರುತ್ತವೆ. ಬಾಗಿಲ ಹತ್ತಿರ ಕುಳಿತವರು ತಲೆ ಆಡಿಸುತ್ತಿದ್ದಾರೆ ನೋಡಿ. ಕಿಟಕಿಗೆ ರಟ್ಟು ಅಂಟಿಸಿದ್ದೆವು. ರಾತ್ರಿ ಪಾಳಿಯವರು ಬೆಳಿಗ್ಗೆ ಏಳಕ್ಕೆ ಬಂದು ಮಲಗಿದರೆ ಸಂಜೆ ನಾಲ್ಕಕ್ಕೆ ಏಳುವುದು. ನಾಲ್ಕೂ ಮಂಚ ಅವರಿಗೆ. ನನ್ನ ಪಾಳಿ ಮಧ್ಯಾಹ್ನ ಎರಡರಿಂದ. ಹೋಟೆಲುಗಳ ಬೆಡ್‌ಶೀಟ್ ಒಗೆಯುವ ದೊಡ್ಡ ಲಾಂಡ್ರಿ. ಅಲ್ಲಿಯವರೆಗೆ ಮಂಚಗಳ ನಡುವೆ ಒಂದು ಚಾಪೆಯಷ್ಟು ಜಾಗ ನಮ್ಮದು.

ನಮ್ಮದು ಎಂದೆ. ನನ್ನದು ಮತ್ತು ಸೊಟ್ಟಣ್ಣನದು.

ಮೂಗು ಎರಡು ಸಲ ಮುರಿದು ಬಲಕ್ಕೆ ತಿರುಗಿದ್ದರಿಂದ ಎಲ್ಲರೂ ಅವನನ್ನು ಸೊಟ್ಟ ಎನ್ನುತ್ತಿದ್ದರು. ನನಗಿಂತ ನಾಲ್ಕು ವರ್ಷ ದೊಡ್ಡವನಾದ್ದರಿಂದ ನಾನು ಸೊಟ್ಟಣ್ಣ ಎನ್ನುತ್ತಿದ್ದೆ. ಬಾಕ್ಸಿಂಗ್ ಕಲಿತವನು. ನನಗೆ ಕುಸ್ತಿ ಕಲಿಸಿದವರು ನನ್ನ ಸೋದರಮಾವ. ಮಾವ ಹೇಳುತ್ತಿದ್ದರು, "ಕೆಡವಿದ ಮೇಲೆ ಧೊಪ್ಪ್ ಅಂತ ಕೇಳಿಸ್ಬೇಕು ಕಣೋ. ಇಲ್ಲಾಂದ್ರೆ ಗೆದ್ದಿದ್ದು ನಾಕು ಜನಕ್ಕೆ ಗೊತ್ತಾಗೋದು ಹೆಂಗೆ?" ಸೊಟ್ಟಣ್ಣನ ಕೋಚ್ ಅವನಿಗೆ ಹೇಳಿಕೊಟ್ಟಿದ್ದು ಪ್ರತಿ ಗುದ್ದಿಗೂ ಬಾಯಿಂದ ಉಸಿರು ಬಿಡಬೇಕೆಂದು. ಹುಸ್, ಹುಸ್. ಅಂದರೆ ನಾವಿಬ್ಬರೂ ಕಲಿತು ಬಂದದ್ದು ಸದ್ದು ಮಾಡುವ ವಿದ್ಯೆ. ಬಂದು ಸೇರಿದ್ದು ಸದ್ದು ಮಾಡಬಾರದ ಕೋಣೆಗೆ.

ಲಾಂಡ್ರಿಯಲ್ಲಿ ನಾವಿಬ್ಬರೂ ಒಂದೇ ಮೇಜಿಗೆ ಬಿದ್ದೆವು. ಇಸ್ತ್ರಿ ಯಂತ್ರದಿಂದ ಬಿಸಿಬಿಸಿಯಾಗಿ ಬೆಡ್‌ಶೀಟ್ ಬರುತ್ತದೆ. ಎರಡು ಮೂಲೆ ಅವನು ಹಿಡಿಯಬೇಕು, ಎರಡು ಮೂಲೆ ನಾನು. ಎಳೆದು ಬಿಗಿ ಮಾಡಬೇಕು, ಎದುರೆದುರು ನಡೆದು ಬರಬೇಕು, ಅವನ ಕೈಯಿಂದ ನನ್ನ ಕೈಗೆ ಮೂಲೆ ಬರಬೇಕು, ಮತ್ತೆ ಹಿಂದೆ ಸರಿಯಬೇಕು. ಪಾಳಿಗೆ ಒಂಬೈನೂರು ಬೆಡ್‌ಶೀಟ್. ಒಂದು ದಿನ ಅವನು ಮೂಲೆ ಕೊಡುವ ಬದಲು ತಮಾಷೆಗೆ ಗುದ್ದು ಬಿಟ್ಟ. ನನ್ನ ಕೈ ಅದನ್ನು ತಡೆಯಲಿಲ್ಲ, ಬೆಡ್‌ಶೀಟಿನ ಮೂಲೆ ಅಂದುಕೊಂಡು ಸುಮ್ಮನೆ ತೆಗೆದುಕೊಂಡಿತು. ತೆಗೆದುಕೊಂಡು ಮಡಚಿತು. ಅವನು ಮೇಜಿನ ಮೇಲೆ ಬೋರಲು ಬಿದ್ದಿದ್ದ. ಎದ್ದವನು, "ಲೋ ಪೈಲ್ವಾನ, ಇದೇನೋ ಇದು? ಇನ್ನೊಂದ್ಸಲ ಮಾಡು" ಎಂದ.

ಪುಸ್ತಕದಲ್ಲಿ ಹನ್ನೆರಡನೇ ಪುಟದಲ್ಲಿ ‘ಪ್ರಥಮ ಸ್ವೀಕಾರ’ ಎಂಬ ಪಟ್ಟು ಇದೆ. ಇದೇ ಅದು. ಎಷ್ಟು ದೊಡ್ಡ ಹೆಸರು! ನಾವು ಅದನ್ನು ಬೆಡ್‌ಶೀಟು ಎನ್ನುತ್ತಿದ್ದೆವು. ಇಡೀ ವಿದ್ಯೆಗೆ ನಾವು ಇಟ್ಟಿದ್ದ ಹೆಸರು ಚಾಪೆಯಾಟ.

ಮಾರನೇ ದಿನ ಬೆಳಿಗ್ಗೆಯೇ ಕೋಣೆಯಲ್ಲಿ ಶುರು ಮಾಡಿದೆವು. ಮಲಗಿದ್ದವರಲ್ಲಿ ಎಲ್ಲರಿಗಿಂತ ದೊಡ್ಡವರು ಒಬ್ಬ ವಾಚ್‌ಮನ್. ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆವು. ಕಣ್ಣು ಬಿಡದೆಯೇ ಹೇಳಿದರು, "ಹೊಡೆದಾಡ್ರೋ, ಬೇಡ ಅನ್ನಲ್ಲ. ಸದ್ದು ಬಂದ್ರೆ ಮಾತ್ರ ಚಾಪೆ ಸಮೇತ ಹೊರಗೆ." ಎದ್ದ ಮೇಲೆ ಒಂದು ಸ್ಟೀಲಿನ ಲೋಟ ತಂದು ನೆಲದ ಮೇಲಿಟ್ಟು, ಅದರ ಬಾಯಿಗೆ ಅಡ್ಡಲಾಗಿ ಒಂದು ಚಮಚ ಇಟ್ಟರು. "ಚಮಚ ಅಲುಗಾಡಿದ್ರೆ ಇಬ್ರೂ ಸೋತ ಹಾಗೆ." ಪರೀಕ್ಷೆಯ ದಿನ ನಿಮ್ಮ ಮಕ್ಕಳ ಚಾಪೆಯ ಮೂಲೆಯಲ್ಲಿ ಲೋಟ, ಚಮಚ ಇರುತ್ತದಲ್ಲ, ಅದರಲ್ಲಿ ಏನೋ ಗೂಢಾರ್ಥ ಇದೆ ಎಂದು ಹೋದ ವರ್ಷ ಒಬ್ಬ ತಂದೆ ನನ್ನನ್ನು ಕೇಳಿದರು. ಏನೂ ಇಲ್ಲ ಸ್ವಾಮಿ. ಅದು ಒಬ್ಬ ವಾಚ್‌ಮನ್ನಿನ ನಿದ್ದೆ.

ಸದ್ದಿಲ್ಲದೆ ಹೊಡೆದಾಡುವುದು ಹೇಗೆ? ಗುದ್ದನ್ನು ತಡೆದರೆ ಸದ್ದಾಗುತ್ತದೆ, ಆದ್ದರಿಂದ ತಡೆಯಬಾರದು, ತೆಗೆದುಕೊಳ್ಳಬೇಕು. ಕಾಲು ಎತ್ತಿ ಇಟ್ಟರೆ ಸದ್ದಾಗುತ್ತದೆ, ಆದ್ದರಿಂದ ಜಾರಿಸಬೇಕು. ಎತ್ತಿ ಬಡಿದರೆ ಸದ್ದಾಗುತ್ತದೆ. ಆದ್ದರಿಂದ ಎತ್ತಿ ಮಲಗಿಸಬೇಕು. ತೋಳಲ್ಲಿ ನಿದ್ದೆ ಹೋದ ಮಗುವನ್ನು ತಾಯಿ ಹಾಸಿಗೆಗೆ ಬಿಡುತ್ತಾಳಲ್ಲ, ಹಾಗೆ. ಮೊದಲು ಬೆನ್ನು, ಆಮೇಲೆ ತಲೆ, ಕೊನೆಗೆ ತನ್ನ ಕೈ. ಆ ಪಟ್ಟು ನನ್ನದು. ಉಳಿದದ್ದೆಲ್ಲ ಇಬ್ಬರದು, ಅದೊಂದು ಮಾತ್ರ ನಾನೇ ಮಾಡಿದ್ದು. ಸೊಟ್ಟಣ್ಣ ಹೇಳುತ್ತಿದ್ದ, "ನಿನ್ನ ಕೈಲಿ ಸೋಲೋದು ಒಂದು ಸುಖ ಕಣೋ. ಹಂಗೇ ಒಂದು ನಿದ್ದೆ ತೆಗೀಬೋದು."

ಒಂದೂವರೆ ವರ್ಷ ದಿನಾ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು. ಒಳಗಿನಿಂದ ಬರುವ ‘ಹುಸ್’ ಅನ್ನು ನುಂಗಿ ನುಂಗಿ ಅವನ ಮುಖ ಕೆಂಪಗಾಗುತ್ತಿತ್ತು. ಅಷ್ಟು ದಿನದಲ್ಲಿ ಒಂದೇ ಒಂದು ಸಲ ಚಮಚ ಬಿತ್ತು. ನನ್ನ ಹಿಮ್ಮಡಿ ತಗುಲಿ ಉರುಳಿತು. ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದವನೊಬ್ಬ ಗಾಬರಿಯಿಂದ ಎದ್ದು ಕೂತ. ಮತ್ತೆ ನಿದ್ದೆ ಹತ್ತಲಿಲ್ಲ. ಆ ರಾತ್ರಿಯ ಪಾಳಿಯಲ್ಲಿ ತೂಕಡಿಸಿ ಹಿಟ್ಟು ನಾದುವ ಯಂತ್ರಕ್ಕೆ ಕೈ ಕೊಟ್ಟ. ಎರಡು ಬೆರಳು ಹೋದವು. ಅವನು ನಮ್ಮನ್ನು ಏನೂ ಅನ್ನಲಿಲ್ಲ. ಬ್ಯಾಂಡೇಜ್ ಕಟ್ಟಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ. ಆ ಬೆನ್ನು ನೋಡಿಕೊಂಡು ನಾವು ಮಾತು ಕೊಟ್ಟುಕೊಂಡೆವು: ಇನ್ನು ಏನೇ ಆಗಲಿ, ಸದ್ದು ಮಾತ್ರ ಆಗಬಾರದು.

ಏನೇ ಆಗಲಿ. ಎಷ್ಟು ಸಲೀಸಾಗಿ ಬಾಯಿಗೆ ಬರುವ ಮಾತು, ಅಲ್ಲವೇ?

ನಿರೂಪಕರು ಹೊತ್ತಾಯಿತು ಎಂದು ಚೀಟಿ ತೋರಿಸುತ್ತಿದ್ದಾರೆ. ದಯವಿಟ್ಟು ಇಟ್ಟುಬಿಡಿ ಮೇಡಂ. ನಿಲ್ಲಿಸಿದರೆ ಮತ್ತೆ ಶುರು ಮಾಡಲು ನನ್ನಿಂದಾಗುವುದಿಲ್ಲ.

ಅಕ್ಕ, ನಿಮಗೆ ಗೊತ್ತಿರುವ ಪ್ರಕಾರ ನಿಮ್ಮ ತಮ್ಮ, ನಮ್ಮ ಸೊಟ್ಟಣ್ಣ, ಮೆಟ್ಟಿಲಿನಿಂದ ಬಿದ್ದ. ಮೂರನೇ ಮಹಡಿಯ ಮೆಟ್ಟಿಲು, ಒದ್ದೆ ಇತ್ತು, ಕೈಯಲ್ಲಿ ಬಟ್ಟೆಯ ಮೂಟೆ ಇತ್ತು. ಆಸ್ಪತ್ರೆಯಲ್ಲಿ ನಿಮಗೆ ಹಾಗೆ ಹೇಳಿದವನು ನಾನು. ಮೆಟ್ಟಿಲು ಒದ್ದೆ ಇರಲಿಲ್ಲ. ಮೂಟೆ ಇರಲಿಲ್ಲ. ಮೆಟ್ಟಿಲೇ ಇರಲಿಲ್ಲ.

ಹತ್ತೂವರೆ ಆಗಿತ್ತು. ನಾಲ್ಕು ಜನ ಮಲಗಿದ್ದರು. ಸೊಟ್ಟಣ್ಣ ಬಲಗೈ ಬಿಟ್ಟ, ನಾನು ತೆಗೆದುಕೊಂಡೆ, ಸೊಂಟದ ಮೇಲೆ ತಂದೆ, ಎತ್ತಿದೆ. ಹೆಗಲಿನ ಎತ್ತರಕ್ಕೆ ಬಂದಿದ್ದ. ಇನ್ನು ಮಲಗಿಸಬೇಕು. ಅಷ್ಟರಲ್ಲಿ ದೊಡ್ಡಪ್ಪ ನಿದ್ದೆಯಲ್ಲೇ ಮಗ್ಗುಲು ಬದಲಿಸಿದರು. ನಾನು ಇವನನ್ನು ಇಳಿಸಬೇಕಾದ ಜಾಗಕ್ಕೆ ಸರಿಯಾಗಿ ಅವರ ಪಾದ ಮಂಚದಿಂದ ಹೊರಗೆ ಬಂತು. ಪಾದಕ್ಕೆ ತಗುಲಿದರೆ ಎಚ್ಚರವಾಗುತ್ತದೆ. ನಾನು ಹಿಂದಕ್ಕೆ ಎಳೆದೆ. ಅವನು ನನ್ನ ಕೈಯಿಂದ ಜಾರಿದ. ತಲೆ ಕೆಳಗಾಗಿ ಜಾರಿದ. ಎದುರಿಗೆ ಮಂಚದ ಕಬ್ಬಿಣದ ಕಾಲು. ಅದಕ್ಕೆ ಬಡಿದರೆ ಕೋಣೆಯೇ ಝಣ್ ಎನ್ನುತ್ತದೆ. ಅವನು ಏನು ಮಾಡಿದ ಗೊತ್ತೇ? ಬೀಳುವವರೆಲ್ಲ ಕೈ ಊರುತ್ತಾರೆ. ಅವನು ಊರಲಿಲ್ಲ. ಮಂಚದ ಕಾಲು ತಪ್ಪಿಸುವುದಕ್ಕೆ ಕತ್ತನ್ನು ಒಳಗೆ ಮಡಚಿಕೊಂಡ.

ಒದ್ದೆ ಟವೆಲ್ಲನ್ನು ನೆಲದ ಮೇಲೆ ಇಟ್ಟಷ್ಟು ಸದ್ದು, ಅಷ್ಟೇ. ಚಮಚ ಅಲುಗಲಿಲ್ಲ. ದೊಡ್ಡಪ್ಪ ಗೊರಕೆ ಹೊಡೆಯುತ್ತಲೇ ಇದ್ದರು.

ನನಗೆ ಖುಷಿಯಾಯಿತು. ಇದನ್ನು ನಾನು ಯಾರಿಗೂ ಹೇಳಿಲ್ಲ. ಅವನಿಗೂ ಹೇಳಿಲ್ಲ. ಚಮಚ ಅಲುಗಲಿಲ್ಲವಲ್ಲ ಎಂದು ನಾನು ನಕ್ಕೆ.

ಅವನು ಚಾಪೆಯ ಮೇಲೆ ಅಂಗಾತ ಇದ್ದ. ಕಣ್ಣು ತೆರೆದಿತ್ತು. ಬಲಗೈಯನ್ನು ನಿಧಾನಕ್ಕೆ ಎತ್ತಿ ತೋರುಬೆರಳನ್ನು ತುಟಿಯ ಮೇಲಿಟ್ಟ. ನಾನೂ ಹಾಗೇ ಇಟ್ಟೆ.

ಅಧ್ಯಕ್ಷರು ಈ ಗುರುತನ್ನು ಆತ್ಮಸಂಯಮದ ಸಂಕೇತ ಎಂದು ಹೊಗಳಿದರು. ದಿನಾ ಸಂಜೆ ಐದು ಶಾಖೆಗಳಲ್ಲಿ ಇನ್ನೂರ ಮೂವತ್ತು ಮಕ್ಕಳು ಸಾಲಾಗಿ ನಿಂತು ಹೀಗೆ ಬೆರಳಿಟ್ಟು ವಂದನೆ ಮಾಡುತ್ತಾರೆ. ಮೊದಲನೇ ಶಾಖೆ ತೆರೆದಾಗ ಒಂದು ಗುರುತು ಬೇಕು ಎಂದರು, ಪೆನ್ನು ಕೊಟ್ಟರು, ನನ್ನ ಕೈ ಇದನ್ನೇ ಬರೆಯಿತು. ಯಾಕೆ ಬರೆಯಿತು? ನನಗೆ ತಿಳಿಯದು. ನಿಮಗೆ ತಿಳಿದರೆ ಹೇಳಿ.

ಆಮೇಲೆ ಅವನು ಪಿಸುಗುಟ್ಟಿದ, "ದೊಡ್ಡಪ್ಪ ಎದ್ನಾ?"

"ಇಲ್ಲ" ಎಂದೆ.

"ಕತ್ತು ಯಾಕೋ ಸರಿಯಿಲ್ಲ ಕಣೋ."

ಡಾಕ್ಟರ್ ಸರ್, ನೀವು ತಲೆ ತಗ್ಗಿಸಿದಿರಿ. ನಿಮಗೆ ಮುಂದಿನದು ಗೊತ್ತಾಯಿತು. ಈ ಸಭೆಯಲ್ಲಿ ನಿಮಗೊಬ್ಬರಿಗೆ ಮೊದಲು ಗೊತ್ತಾಗಬೇಕಾದದ್ದೇ.

ನಾನು ಅವನನ್ನು ಎತ್ತಿದೆ. ಒಂದು ಕೈ ಕತ್ತಿನ ಕೆಳಗೆ, ಒಂದು ಕೈ ಮಂಡಿಯ ಕೆಳಗೆ. ಬೇಕರಿಯವನು ಗೋಡೆಗೆ ಒತ್ತಿಕೊಂಡು ಮಲಗಿದ್ದ, ಅವನ ಮಂಚದಲ್ಲಿ ಅರ್ಧ ಖಾಲಿ ಇತ್ತು. ಅಲ್ಲಿಗೆ ಒಯ್ದು ಮಲಗಿಸಿದೆ. ಮೊದಲು ಬೆನ್ನು, ಆಮೇಲೆ ತಲೆ, ಕೊನೆಗೆ ನನ್ನ ಕೈ. ನನ್ನ ಜನ್ಮದಲ್ಲಿ ಯಾರನ್ನೂ ಅಷ್ಟು ಚೆನ್ನಾಗಿ ಎತ್ತಿ ಮಲಗಿಸಿರಲಿಲ್ಲ. ಹಗ್ಗದ ಮಂಚವಲ್ಲ, ಕಬ್ಬಿಣದ ಮಂಚ. ಅದೂ ಕಿರ್ ಎನ್ನಲಿಲ್ಲ. ತಲೆಗೆ ಎತ್ತರವಾಗಲಿ ಎಂದು ಎರಡು ದಿಂಬು ಇಟ್ಟೆ.

ಸ್ವಲ್ಪ ಹೊತ್ತಾದ ಮೇಲೆ ಅವನು ಕೇಳಿದ, "ಲೋ, ನನ್ನ ಕೈ ಎಲ್ಲೋಯ್ತೋ?"

"ಇಲ್ಲೇ ಇದೆಯಲ್ಲೋ, ನಾನು ಹಿಡ್ಕೊಂಡಿದೀನಿ."

"ಹೌದಾ?" ಎಂದ. "ಸರಿ. ಅವ್ರು ಏಳ್ಲಿ. ಆಮೇಲೆ ನೋಡೋಣ."

ಆಗ ಹನ್ನೊಂದು ಗಂಟೆ. ಅವರು ಏಳುವುದು ನಾಲ್ಕಕ್ಕೆ.

ಯಾಕೆ ಕೂಗಲಿಲ್ಲ ಎಂದು ನೀವು ಕೇಳುತ್ತೀರಿ. ಯಾಕೆ ಓಡಿಹೋಗಿ ಯಾರನ್ನಾದರೂ ಕರೆತರಲಿಲ್ಲ ಎಂದು ಕೇಳುತ್ತೀರಿ. ನಾನೂ ಏಳು ವರ್ಷದಿಂದ ಕೇಳುತ್ತಲೇ ಇದ್ದೇನೆ. ಆವತ್ತು ಆ ಕೋಣೆಯಲ್ಲಿ ಆ ಪ್ರಶ್ನೆಯೇ ನನಗೆ ಹುಟ್ಟಲಿಲ್ಲ. ನಿಯಮ ಎಂದರೆ ಅದೇ. ಅದು ಸರಿಯಾಗಿ ಮೈಗೆ ಹತ್ತಿದ ಮೇಲೆ ಪ್ರಶ್ನೆ ಹುಟ್ಟುವುದಿಲ್ಲ. ನಾನು ಆ ಬೇಕರಿಯವನ ಕೈಯನ್ನು ನೋಡಿಕೊಂಡು ಕುಳಿತಿದ್ದೆ. ಅವನ ಮೂರು ಬೆರಳು ನಿದ್ದೆಯಲ್ಲಿ ಆಗಾಗ ಅಲುಗುತ್ತಿದ್ದವು. ಪಕ್ಕದಲ್ಲಿ ಸೊಟ್ಟಣ್ಣನ ಐದೂ ಬೆರಳು ಸುಮ್ಮನಿದ್ದವು.

ಎರಡು ಗಂಟೆಗೆ ಪಾಳಿ ಶುರುವಾಯಿತು. ನಾವಿಬ್ಬರೂ ಹೋಗಲಿಲ್ಲ. ಮೂರಕ್ಕೆ ಅವನು, "ಉಸಿರು ಭಾರ ಆಗ್ತಿದೆ" ಎಂದ. ಅದನ್ನೂ ಪಿಸುಮಾತಿನಲ್ಲೇ ಹೇಳಿದ. ನಾಲ್ಕಕ್ಕೆ ಅಲಾರಂ ಹೊಡೆಯಿತು. ದೊಡ್ಡಪ್ಪ ಎದ್ದು ಒಂದು ಸಲ ಅವನನ್ನು ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಆಮೇಲೆ ಕೂಗಿದರು. ಆ ಕೋಣೆಯಲ್ಲಿ ಯಾರೂ ಯಾವತ್ತೂ ಹಾಗೆ ಕೂಗಿರಲಿಲ್ಲ. "ಎಬ್ಬಿಸ್ಬಾರ್ದಿತ್ತೇನೋ ಪಾಪಿ! ನಾನು ನಿದ್ದೆಗೆ ಮಾಡಿದ್ದ ನಿಯಮ ಕಣೋ ಅದು, ಇದಕ್ಕಲ್ವೋ!" ಎನ್ನುತ್ತಾ ಲೋಟಕ್ಕೆ ಒದ್ದರು. ಚಮಚ ಹೋಗಿ ಗೋಡೆಗೆ ಬಡಿಯಿತು.

ಕೋಣೆಯಲ್ಲಿ ಹೊಡೆದಾಟ ಎಂದು ಗೊತ್ತಾದರೆ ಮಾಲೀಕರು ಎಂಟೂ ಜನರನ್ನು ಹೊರಗೆ ಹಾಕುತ್ತಿದ್ದರು. ಅದಕ್ಕೆ ಮೆಟ್ಟಿಲು. ಆಸ್ಪತ್ರೆಯ ಡಾಕ್ಟರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, "ಬಿದ್ದ ಮೇಲೆ ಕೈ ಆಡಿಸಿದ್ನಾ?" ನಾನು ನೋಡಲಿಲ್ಲ ಎಂದೆ. "ಯಾರಾದ್ರೂ ಎತ್ತಿದ್ರಾ? ನಿಜ ಹೇಳಿ, ಬಯ್ಯಲ್ಲ" ಎಂದರು. ಇಲ್ಲ ಎಂದೆ. "ಕತ್ತಿನ ಮೂಳೆ ಮುರಿದ್ರೂ ಒಳಗಿನ ನರ ಒಂದೊಂದ್ಸಲ ಉಳ್ಕೊಂಡಿರುತ್ತೆ. ಗೊತ್ತಿಲ್ದೆ ಎತ್ತಿದ್ರೆ ಅದೂ ಹೋಗುತ್ತೆ. ಅದಕ್ಕೆ ಕೇಳ್ದೆ" ಎಂದರು. ನಾನು ಮತ್ತೂ ಇಲ್ಲ ಎಂದೆ.

ಕೈ ಆಡಿತ್ತು. ಬೆರಳು ತುಟಿಯವರೆಗೆ ಹೋಗಿತ್ತು. ಅದೇ ಕೊನೆ.

ಆ ಕೊನೆಯನ್ನೇ ನಾನು ನಿಮ್ಮ ಮಕ್ಕಳ ಎದೆಗೆ ಹೊಲಿಸಿದ್ದೇನೆ.

ಅಕ್ಕ ಬಂದು ಅವನನ್ನು ಊರಿಗೆ ಕರೆದುಕೊಂಡು ಹೋದರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಪಕ್ಕದಲ್ಲೇ ಅವನ ಹಾಸಿಗೆ. ಐದು ವರ್ಷ. ನಾನು ಮೂರು ಸಲ ಹೋದೆ. ಅಕ್ಕ ನನ್ನನ್ನು ‘ತಮ್ಮಾ’ ಎಂದೇ ಕರೆದರು. "ಆಸ್ಪತ್ರೆಗೆ ಸೇರಿಸಿದವನು ನೀನೇ ಅಂತೆ, ನಿನ್ನ ಋಣ ಹೆಂಗೆ ತೀರಿಸ್ಲಪ್ಪಾ" ಎಂದರು. ನಾನು ತಟ್ಟೆ ನೋಡಿಕೊಂಡು ಊಟ ಮಾಡಿದೆ. ಕುರ್ಚಿಯಿಂದ ಹಾಸಿಗೆಗೆ ಅವನನ್ನು ಎತ್ತಿ ಮಲಗಿಸುವ ಕೆಲಸ ನಾನು ಹೋದಾಗೆಲ್ಲ ನನ್ನದೇ. ಮಲಗಿಸಿದ ಮೇಲೆ ಅವನು, "ಸದ್ದಾಗ್ಲಿಲ್ಲ. ಪಾಸು" ಎನ್ನುತ್ತಿದ್ದ. ಅಕ್ಕ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಎರಡನೇ ಸಲ ಹೋದಾಗ ನನಗೆ ಆಗಲೇ ಒಂದು ಶಾಖೆ ಇತ್ತು. ಆಗಷ್ಟೇ ಪತ್ರಿಕೆಯಲ್ಲಿ ‘ಮೌನಮಲ್ಲ’ ಎಂದು ಬರೆದಿದ್ದರು. ಸಮವಸ್ತ್ರ ಹೊಲಿಸಬೇಕಿತ್ತು. ಅಕ್ಕ ತಾವೇ ಹೊಲಿಯುತ್ತೇನೆ ಎಂದರು. ಗುರುತಿನ ಚಿತ್ರ ನೋಡಿ, "ಯಾವ ಕೈ ತಮ್ಮಾ, ಎಡಗೈನಾ ಬಲಗೈನಾ?" ಎಂದು ಕೇಳಿದರು. "ಬಲಗೈ ಅಕ್ಕಾ" ಎಂದೆ. ಹಾಸಿಗೆಯ ಮೇಲಿಂದ ಅವನು ನೋಡುತ್ತಿದ್ದ. ಅವರು ಮೊದಲನೇ ಅಂಗಿಗೆ ಕಸೂತಿ ಹಾಕುತ್ತಿದ್ದಾಗ ಅವನು ಏನೆಂದ ಎಂದು ಅವರೇ ಫೋನಿನಲ್ಲಿ ನಗುನಗುತ್ತಾ ನನಗೆ ಹೇಳಿದರು. "ಬೆರಳು ಇನ್ನೂ ಸ್ವಲ್ಪ ದಪ್ಪ ಇರ್ಲಿ ಅಕ್ಕಾ, ಬಾಕ್ಸರ್ ಬೆರಳು ಅದು" ಎಂದನಂತೆ.

ಮೂರನೇ ಸಲ ಹೋದಾಗ ಅಕ್ಕ ಅಂಗಡಿಗೆ ಹೋಗಿದ್ದರು. ಅವನು ಮೇಲಿನ ಫ್ಯಾನನ್ನು ನೋಡುತ್ತಾ, ಹವಾಮಾನದ ವಿಚಾರ ಮಾತಾಡುವವನ ಹಾಗೆ, "ನೀನು ಎತ್ತೋ ತನಕ ಕೈ ಇತ್ತು ಕಣೋ" ಎಂದ.

ನಾನು ಅವನ ಬೆಡ್‌ಶೀಟಿನ ಮೂಲೆ ಎಳೆದು ಸರಿಮಾಡಿದೆ.

"ಅಕ್ಕಂಗೆ ಹೇಳ್ಬೇಡ. ಮೆಟ್ಲು ಅಂತಾನೇ ಇರ್ಲಿ. ಗೊತ್ತಾದ್ರೆ ಅವ್ಳು ನಿಂಗೆ ಊಟ ಹಾಕೋದು ನಿಲ್ಲಿಸ್ಬಿಡ್ತಾಳೆ" ಎಂದ. ಆಮೇಲೆ ನೀರು ಕೇಳಿದ. ಕುಡಿಸಿದೆ. ಅದಾಗಿ ಎರಡು ತಿಂಗಳಿಗೆ ಅಕ್ಕ ಫೋನ್ ಮಾಡಿದರು. "ಬೆಳಿಗ್ಗೆ ನಾನು ಹೊಲೀತಾನೇ ಇದ್ದೆ ತಮ್ಮಾ. ಪಕ್ಕದಲ್ಲೇ ಇದ್ದ. ಒಂದು ಸದ್ದೂ ಮಾಡ್ಲಿಲ್ಲ" ಎಂದರು.

ಅವನು ಬೇಡ ಎಂದಿದ್ದ. ನಾನು ಎರಡು ವರ್ಷ ಅದರ ನೆರಳಲ್ಲಿ ಆರಾಮಾಗಿ ಕುಳಿತೆ. ಹೇಳಬಾರದು ಎಂದವನು ಅವನೇ ಅಲ್ಲವೇ, ನಾನೇನು ಮಾಡಲಿ? ಎಷ್ಟು ಅನುಕೂಲ ನೋಡಿ. ಒಂದು ಶಾಖೆ ಐದಾಯಿತು. ಪುಸ್ತಕವಾಯಿತು. ಫಲಕವೂ ಬಂತು.

ಹಾಗಾದರೆ ಇವತ್ತು ಯಾಕೆ ಹೇಳುತ್ತಿದ್ದೇನೆ? ಎರಡನೇ ಸಾಲಿನಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕುಳಿತಿರುವ ನಮ್ಮ ಚಿಕ್ಕ ವಿದ್ಯಾರ್ಥಿನಿಯನ್ನು ನೋಡಿ. ಮೂರು ವಾರದ ಹಿಂದೆ ಅಭ್ಯಾಸದಲ್ಲಿ ಬಿದ್ದಳು. ಹೆಗಲಿನ ಮೂಳೆ ಬಿರುಕು ಬಿಟ್ಟಿತ್ತು. ನಾನು ಅಭ್ಯಾಸದ ಹಾಲ್‌ನ ಆ ತುದಿಯಲ್ಲಿದ್ದೆ. ಬಿದ್ದ ಸದ್ದೂ ಇಲ್ಲ, ಅತ್ತ ಸದ್ದೂ ಇಲ್ಲ. ತಿರುಗಿ ನೋಡಿದರೆ, ಕಣ್ಣಲ್ಲಿ ನೀರು ತುಂಬಿಕೊಂಡು, ಬೆರಳನ್ನು ತುಟಿಯ ಮೇಲಿಟ್ಟುಕೊಂಡು ಮಲಗಿದ್ದಾಳೆ. ಸುತ್ತ ನಿಂತ ಮಕ್ಕಳು ಮೆಚ್ಚಿಕೊಂಡು ನೋಡುತ್ತಿದ್ದಾರೆ. ಇಬ್ಬರು ಬಗ್ಗಿ, ಒಬ್ಬ ಕತ್ತಿನ ಕೆಳಗೆ, ಒಬ್ಬಳು ಮಂಡಿಯ ಕೆಳಗೆ ಕೈ ಹಾಕುತ್ತಿದ್ದಾರೆ. ನಾನು ಕಲಿಸಿದ ಹಾಗೇ. ಅಚ್ಚುಕಟ್ಟಾಗಿ.

ನಾನು ಕೂಗಿದೆ. ಚಾಪೆಯ ಮೇಲೆ ನಿಂತು ಜನ್ಮದಲ್ಲಿ ಮೊದಲನೇ ಸಲ ಕೂಗಿದೆ. ಮಕ್ಕಳು ಬೆಚ್ಚಿಬಿದ್ದರು. ಕೆಲವರು ಅತ್ತರು. ಅಂಬುಲೆನ್ಸಿನಲ್ಲಿ ಈ ಮಗು ನನಗೆ ಹೇಳಿತು, "ಸಾರ್, ನಾನು ಸದ್ದು ಮಾಡ್ಲಿಲ್ಲ ಸಾರ್." ಹೆಮ್ಮೆಯಿಂದ ಹೇಳಿತು.

ಅಧ್ಯಕ್ಷರೇ, ಪುಸ್ತಕ ಅಚ್ಚಾಗಿ ಬಂದಿದೆ, ಗೊತ್ತು. ಆದರೂ ಕೇಳುತ್ತೇನೆ. ಎರಡನೇ ಪುಟದ ಮೊದಲನೇ ನಿಯಮವನ್ನು ಹೊಡೆದುಹಾಕಬೇಕು. ಪೆನ್ನಿನಲ್ಲಾದರೂ ಸರಿ, ನಾನೇ ಕುಳಿತು ಒಂದೊಂದಾಗಿ ಹೊಡೆದುಹಾಕುತ್ತೇನೆ. ಅದರ ಜಾಗದಲ್ಲಿ ಬರೆಯಬೇಕಾದದ್ದು ಇಷ್ಟೇ: ಬಿದ್ದವನು ಕೂಗಬೇಕು. ಬಿದ್ದವನನ್ನು ಎತ್ತಬಾರದು. ತಿಳಿದವರು ಬರುವ ತನಕ ಪಕ್ಕದಲ್ಲಿ ಕುಳಿತು, ಅವನ ಜೊತೆ ಜೋರಾಗಿ ಮಾತಾಡುತ್ತಿರಬೇಕು. ಇದನ್ನು ಒಕ್ಕೂಟ ಒಪ್ಪುವುದಿಲ್ಲ ಎಂದಾದರೆ, ಸದ್ದು ಮಾಡುವ ಈ ವಿದ್ಯೆ ಮೌನಮಲ್ಲ ಅಲ್ಲ ಎಂದಾದರೆ, ಮಾನ್ಯತೆಯನ್ನು ವಾಪಸ್ ತೆಗೆದುಕೊಳ್ಳಿ. ನಮಗೆ ಚಾಪೆಯಾಟ ಎಂಬ ಹೆಸರು ಸಾಕು. ಮೊದಲನೇ ಪುಟದಲ್ಲಿ ಒಂದೇ ಫೋಟೋ ಇರಕೂಡದು. ಅವನದೊಂದು ಫೋಟೋ ನನ್ನ ಹತ್ತಿರ ಇದೆ. ಮೂಗು ಸೊಟ್ಟಗೇ ಬಂದಿದೆ.

ಮಕ್ಕಳೇ, ನಾಳೆಯಿಂದ ಲೋಟ, ಚಮಚ ಇರುವುದಿಲ್ಲ. ಎದೆಯ ಮೇಲಿನ ಗುರುತಿನ ವಿಚಾರ ನಾನು ನಿರ್ಧರಿಸುವಂಥದ್ದಲ್ಲ. ಅದನ್ನು ಹೊಲಿದವರು ನಿರ್ಧರಿಸಲಿ. ಬಿಚ್ಚಿ ಎಂದರೆ ಬಿಚ್ಚೋಣ. ಇನ್ನೂರ ಮೂವತ್ತನ್ನೂ ನಾನೇ ಬಿಚ್ಚುತ್ತೇನೆ.

ಈ ಸಭೆಯನ್ನು ಏರ್ಪಡಿಸಿದವರಿಗೆ, ಇಷ್ಟು ಹೊತ್ತು ಕುಳಿತು ಕೇಳಿದ ನಿಮಗೆ, ಚೀಟಿಯನ್ನು ಮಡಚಿಟ್ಟುಕೊಂಡ ನಿರೂಪಕರಿಗೆ, ಹೊತ್ತು ಮೀರಿದರೂ ಪಾಳಿಗೆ ಹೋಗದೆ ನಿಂತುಬಿಟ್ಟ ಲಾಂಡ್ರಿಯ ಅಣ್ಣಂದಿರಿಗೆ ನನ್ನ ಥ್ಯಾಂಕ್ಸ್. ಕಾರ್ಯಕ್ರಮದ ಪಟ್ಟಿಯ ಪ್ರಕಾರ ಈಗ ನೀವೆಲ್ಲ ಎದ್ದು ನಿಂತು ಬೆರಳಿಟ್ಟು ಮೌನವಂದನೆ ಮಾಡಬೇಕು. ದಯವಿಟ್ಟು ಮಾಡಬೇಡಿ.

ಅಕ್ಕಾ, ಫಲಕ ಅಲ್ಲೇ ಇರಲಿ. ನಾನು ಅದಕ್ಕೆ ಕೈ ಚಾಚುವುದಿಲ್ಲ. ನಿಮಗೆ ನನ್ನನ್ನು ಏನಾದರೂ ಅನ್ನಬೇಕು ಎನಿಸಿದರೆ ಇಲ್ಲೇ ಅನ್ನಿ, ಮೈಕು ಬಿಟ್ಟುಕೊಡುತ್ತೇನೆ. ಜೋರಾಗೇ ಅನ್ನಿ ಅಕ್ಕಾ. ಇಲ್ಲಿ ಯಾರೂ ಮಲಗಿಲ್ಲ.

ನಮಸ್ಕಾರ.